ಅವನು ಹಾಗಲ್ಲ, ಬಿಡಿ

ನಮ್ಮ ಕಡೆಯ ಮಾತುಕತೆಯಲ್ಲಿ ಒಂದು ವಾಕ್ಯ ಉಂಟು. ಬಸ್ಸಿನಲ್ಲಿಯೋ ಮದುವೆಯ ಮನೆಯಲ್ಲಿಯೋ ಯಾರಾದರೊಬ್ಬರು ಮುಸಲ್ಮಾನರನ್ನು ಕುರಿತು ಒಟ್ಟಾರೆಯಾಗಿ ಏನನ್ನೋ ಆಡುತ್ತಾರೆ. ಕೇಳುತ್ತ ಕುಳಿತವರಲ್ಲಿ ಇನ್ನೊಬ್ಬರು, ‘ಅಲ್ಲ ಸ್ವಾಮಿ, ನಮ್ಮ ಜೊತೆ ಓದಿದವನೊಬ್ಬನಿದ್ದಾನಲ್ಲ, ನಿಮಗೂ ಗೊತ್ತು’ ಎಂದು ಒಂದು ಹೆಸರು ಹೇಳುತ್ತಾರೆ. ಮೊದಲಿನವರು ಎಳ್ಳಷ್ಟೂ ವಿಚಲಿತರಾಗದೆ, ನಿಜವಾದ ಪ್ರೀತಿಯಿಂದಲೇ ಎನ್ನಬೇಕು, ‘ಅಯ್ಯೋ, ಅವನು ಹಾಗಲ್ಲ, ಬಿಡಿ’ ಎಂದುಬಿಡುತ್ತಾರೆ. ಮಾತು ಅಲ್ಲಿಂದ ಮಳೆಯ ಕಡೆಗೋ ತರಕಾರಿಯ ಬೆಲೆಯ ಕಡೆಗೋ ಹೊರಳುತ್ತದೆ.

ಈ ಪುಟ್ಟ ವಾಕ್ಯದ ಬಗೆಗೆ ನಾನು ಬಹಳ ಕಾಲದಿಂದ ಯೋಚಿಸುತ್ತ ಬಂದಿದ್ದೇನೆ. ಅದರಲ್ಲಿ ಒಬ್ಬ ಮನುಷ್ಯನ ಮೇಲಿನ ಮೆಚ್ಚುಗೆ ಇದೆ. ಅದೇ ಉಸಿರಿನಲ್ಲಿ ಆ ಮನುಷ್ಯನ ತಂದೆ, ತಾಯಿ, ಅಣ್ಣತಮ್ಮಂದಿರೆಲ್ಲ ‘ಹಾಗೆಯೇ’ ಎಂಬ ತೀರ್ಮಾನವೂ ಇದೆ. ಒಟ್ಟಿಗೆ ಓದಿದರೆ, ಒಟ್ಟಿಗೆ ಆಡಿದರೆ ಪರಸ್ಪರ ಸಂಶಯಗಳು ತಾವಾಗಿಯೇ ಕರಗುತ್ತವೆ ಎಂದು ನಾವು ಸಭೆಗಳಲ್ಲಿ ಸುಲಭವಾಗಿ ಹೇಳುತ್ತೇವೆ. ಹಾಗಿದ್ದರೆ ಒಟ್ಟಿಗೆ ಓದಿದವರ ಬಾಯಲ್ಲೇ ಈ ವಾಕ್ಯ ಇಷ್ಟು ಸಲೀಸಾಗಿ ಬರುವುದೇಕೆ? ಇಂದಿನ ನನ್ನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ನನ್ನ ಊರು ದೊಡ್ಡಬಳ್ಳಾಪುರ. ಬೆಂಗಳೂರು ಗ್ರಾಮಾಂತರವೆಂಬ ಹೆಸರಿನ ಜಿಲ್ಲೆ ಆದದ್ದು 1986ರಲ್ಲಿ. ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ನಮ್ಮದೂ ಬೆಂಗಳೂರು ಜಿಲ್ಲೆಯೇ. ಈ ಸೀಮೆಯಲ್ಲಿ ಹಿಂದೂಗಳು ಮುಸಲ್ಮಾನರು ಒಬ್ಬರಿಗೊಬ್ಬರು ಅಪರಿಚಿತರು ಎಂದು ಯಾರೂ ಹೇಳುವಂತಿಲ್ಲ. ರೇಷ್ಮೆಯ ಎಳೆಯನ್ನು ಹಿಡಿದು ಹೋದರೆ ಸಾಕು, ಇದು ತಿಳಿಯುತ್ತದೆ. ಹಿಪ್ಪುನೇರಳೆ ಬೆಳೆದು ಹುಳು ಸಾಕಿ, ಚಂದ್ರಿಕೆಯಿಂದ ಗೂಡು ಬಿಡಿಸುವವನು ಹೆಚ್ಚಾಗಿ ಹಿಂದೂ ರೈತ. ಆ ಗೂಡನ್ನು ದೇವನಹಳ್ಳಿ ತಾಲ್ಲೂಕಿನ ವಿಜಯಪುರದಂಥ ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಕೊಂಡು, ಬಿಸಿನೀರಿಗೆ ಹಾಕಿ ನೂಲು ಬಿಚ್ಚುವವರಲ್ಲಿ ಬಹುಮಂದಿ ಮುಸಲ್ಮಾನರು. ಆ ನೂಲು ಹುರಿಗೊಂಡು, ಬಣ್ಣ ಕಂಡು, ನಮ್ಮೂರಿನ ಮಗ್ಗಗಳಿಗೆ ಬಂದಾಗ ಮತ್ತೆ ಕೈ ಬದಲಾಗುತ್ತದೆ. ಹೀಗೆ ಎರಡು ಸಮುದಾಯಗಳ ಕೈ ದಾಟದೆ ಒಂದು ಸೀರೆಯೂ ಮುಗಿಯುವುದಿಲ್ಲ.

ಆದರೆ ಮಾರುಕಟ್ಟೆಯ ಪರಿಚಯ ಎಂಥದ್ದು? ಅದು ದರದ ಪರಿಚಯ. ನೂಲು ಬಿಚ್ಚುವವನು ಹರಾಜಿನಲ್ಲಿ ಬೆಲೆ ಇಳಿಸುತ್ತಾನೆಂದು ರೈತನ ಗುಮಾನಿ. ರೈತ ಕೆಟ್ಟ ಗೂಡನ್ನು ಅಡಿಯಲ್ಲಿ ಸೇರಿಸುತ್ತಾನೆಂದು ಕೊಳ್ಳುವವನ ಗುಮಾನಿ. ಇಬ್ಬರೂ ಮೂವತ್ತು ವರ್ಷ ಒಬ್ಬರನ್ನೊಬ್ಬರು ನೋಡಿರಬಹುದು, ಚಹಾ ಕುಡಿದಿರಬಹುದು. ಒಬ್ಬನ ಮನೆಯಲ್ಲಿ ಮಕ್ಕಳೆಷ್ಟು, ಅವರಿಗೆ ಏನು ಇಷ್ಟ ಎಂಬುದು ಮತ್ತೊಬ್ಬನಿಗೆ ತಿಳಿದಿರಲೇಬೇಕೆಂಬ ಅಗತ್ಯ ಆ ವ್ಯಾಪಾರಕ್ಕೆ ಇಲ್ಲ. ಇತ್ತೀಚೆಗೆ ಗೂಡಿನ ಮಾರುಕಟ್ಟೆಗಳಿಗೆ ವಿದ್ಯುನ್ಮಾನ ಹರಾಜು ಬಂದಮೇಲೆ ಮುಖ ನೋಡಿ ಚೌಕಾಸಿ ಮಾಡುವ ಪ್ರಮೇಯವೂ ಕಡಿಮೆಯಾಗಿದೆ. ವ್ಯವಹಾರಕ್ಕೆ ಅದು ಒಳ್ಳೆಯದೇ ಇರಬಹುದು.

ಶಾಲೆಯ ಬೆಂಚು ಈ ದೃಷ್ಟಿಯಿಂದ ಬೇರೆಯದು. ಅಲ್ಲಿ ಇಬ್ಬರ ನಡುವೆ ತಕ್ಕಡಿ ಇಲ್ಲ. ಇಬ್ಬರಿಗೂ ಒಂದೇ ಮೇಷ್ಟ್ರು, ಒಂದೇ ಬೆತ್ತ, ಒಂದೇ ಬೀಜಗಣಿತ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪೂರ್ವಗ್ರಹದ ಸ್ವರೂಪವನ್ನು ಕುರಿತು ಬರೆದ ಗ್ರಂಥದಲ್ಲಿ, ಎರಡು ಗುಂಪುಗಳ ನಡುವಿನ ಸಂಪರ್ಕ ಒಳ್ಳೆಯ ಫಲ ಕೊಡಬೇಕಾದರೆ ಇಬ್ಬರದೂ ಸಮಾನ ಸ್ಥಾನವಾಗಿರಬೇಕು, ಗುರಿ ಒಂದೇ ಆಗಿರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಮೇಲಿನವರ ಬೆಂಬಲವೂ ಇರಬೇಕು ಎಂದು ಹೇಳಿದ. ಒಳ್ಳೆಯ ಶಾಲೆಯೊಂದನ್ನು ಕಣ್ಣ ಮುಂದಿಟ್ಟುಕೊಂಡೇ ಬರೆದನೋ ಎಂಬಂತಿದೆ ಈ ಮಾತು. ಅವನ ಅನಂತರ ಟಾಮಸ್ ಪೆಟ್ಟಿಗ್ರೂ ಮತ್ತು ಲಿಂಡಾ ಟ್ರಾಪ್ ಎಂಬಿಬ್ಬರು ಲೋಕದ ನಾನಾ ಕಡೆ ನಡೆದ 515 ಅಧ್ಯಯನಗಳನ್ನು ಒಟ್ಟುಹಾಕಿ 2006ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದಕ್ಕೆ ಅನುಕೂಲವಾಗಿಯೇ ಇದೆ: ಪರಿಚಯ ಬೆಳೆದಂತೆ ಸಾಮಾನ್ಯವಾಗಿ ಪೂರ್ವಗ್ರಹ ಇಳಿಯುತ್ತದೆ.

ಆದರೆ ಆ ಬೆಂಚಿನ ಮೇಲೆ ಇಬ್ಬರೂ ಬಂದು ಕೂರುವುದೇ ತಡವಾಗಿ. ನಮ್ಮ ಊರುಗಳಲ್ಲಿ ಒಂದೇ ಬೀದಿಯ ಮಕ್ಕಳು ಬೆಳಗ್ಗೆ ಎದ್ದು ಎರಡು ದಿಕ್ಕಿಗೆ ಹೋಗುತ್ತಿದ್ದರು. ಕೆಲವರು ಕನ್ನಡ ಶಾಲೆಗೆ, ಕೆಲವರು ಉರ್ದು ಶಾಲೆಗೆ. ಇದನ್ನು ದೋಷವೆಂದು ನಾನು ಹೇಳುತ್ತಿಲ್ಲ. ಮನೆಮಾತಿನಲ್ಲಿ ಅಕ್ಷರ ಕಲಿಯುವುದು ಮಗುವಿಗೆ ಹಿತ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನವೇ, 1956ರಲ್ಲಿ ಸೇರಿದ 350ಎ ವಿಧಿಯಲ್ಲಿ ಹೇಳುತ್ತದೆ. ಕನ್ನಡಕ್ಕಾಗಿ ಇದೇ ನ್ಯಾಯವನ್ನು ಕಾಸರಗೋಡಿನಲ್ಲಿ ಕೇಳುವ ನಾವು ಉರ್ದುವಿಗೆ ಅದನ್ನು ಇಲ್ಲವೆನ್ನಲಾಗದು. ಅದರ ಪರಿಣಾಮ ಮಾತ್ರ ಇಷ್ಟು: ನನ್ನಂಥ ಅನೇಕರಿಗೆ ಮೊದಲ ಮುಸ್ಲಿಂ ಸಹಪಾಠಿ ದೊರೆತದ್ದು ಎಂಟನೆಯ ತರಗತಿಯಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ತಲೆಯೊಳಗೆ ಕಥೆಗಳು ಬಂದು ಕುಳಿತಾಗಿರುತ್ತವೆ.

ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ನೂಲು ಬಿಚ್ಚುವವರ ಮನೆಯ ಹುಡುಗ. ಅವನ ಅಂಗಿಗೆ ಒಂದು ವಾಸನೆ ಇತ್ತು. ಕೆಲವು ಹುಡುಗರು ಮೂಗು ಮುಚ್ಚಿಕೊಂಡು, ಅದು ಅವರ ಜನದ ವಾಸನೆ, ಅವರ ಅಡಿಗೆಯ ವಾಸನೆ ಎಂದು ಪಿಸುಗುಟ್ಟುತ್ತಿದ್ದರು. ಅವನ ಮನೆಗೆ ಹೋದವರಿಗೆ ಮಾತ್ರ ಅದರ ಮೂಲ ಗೊತ್ತು. ಹಿತ್ತಿಲ ಕೊಠಡಿಯಲ್ಲಿ ಸೌದೆ ಒಲೆಯ ಮೇಲೆ ನೀರು ಕುದಿಯುತ್ತಿತ್ತು; ಅದರಲ್ಲಿ ಗೂಡು ಬೇಯುತ್ತಿತ್ತು; ಎಳೆ ಬಿಚ್ಚಿ ಮುಗಿದಮೇಲೆ ಉಳಿದ ಹುಳುಗಳ ರಾಶಿ ಮೂಲೆಯಲ್ಲಿ ಬಿದ್ದಿರುತ್ತಿತ್ತು. ವಾಸನೆ ಆ ಹುಳುವಿನದು. ಮೂಗು ಮುಚ್ಚಿಕೊಳ್ಳುತ್ತಿದ್ದ ಹುಡುಗರ ಮನೆಗಳಲ್ಲಿ ಮದುವೆಗೆಂದು ತೆಗೆದಿಟ್ಟ ಸೀರೆಗಳೆಲ್ಲ ಅಂಥ ಬಾಣಲೆಗಳಿಂದಲೇ ಎದ್ದು ಬಂದವು.

ಆ ಗೆಳೆಯ ನಮ್ಮ ಮನೆಗೂ ಬರುತ್ತಿದ್ದ. ನಮ್ಮ ಅಜ್ಜಿಗೆ ಅವನನ್ನು ಕಂಡರೆ ಬಲು ಅಕ್ಕರೆ. ‘ಬಾರಪ್ಪ, ಈ ಕಾಗದ ಒಂದಿಷ್ಟು ಓದಿ ಹೇಳು, ಇವನು ಗಡಿಬಿಡಿಯವನು’ ಎಂದು ನನ್ನನ್ನು ಬದಿಗೆ ಸರಿಸಿ, ಊರಿನಿಂದ ಬಂದ ಕಾಗದಗಳನ್ನು ಅವನ ಕೈಯಲ್ಲಿ ಓದಿಸಿಕೊಳ್ಳುತ್ತಿದ್ದಳು. ‘ಆಯ್ತಜ್ಜಿ’ ಎಂದು ಅವನು ಜಗಲಿಯ ಮೇಲೆ ಕುಳಿತು, ಓದಿ, ಅರ್ಥವನ್ನೂ ಹೇಳುತ್ತಿದ್ದ. ಅವನಿಗೆ ಕಾಫಿ ಕೊಡಲು ಒಂದು ಲೋಟ ಬೇರೆ ಇತ್ತು. ಅದೇ ಅಜ್ಜಿ, ಸಂಜೆಯ ಮೇಲೆ ನಾನು ಅವರ ಬೀದಿಗೆ ಹೊರಟರೆ, ‘ಸಾಬರ ಬೀದಿಗೆ ಹೊತ್ತಲ್ಲದ ಹೊತ್ತಲ್ಲಿ ಯಾಕೆ?’ ಎಂದು ತಡೆಯುತ್ತಿದ್ದಳು. ‘ಅವನ ಮನೆಗೇ ಅಜ್ಜಿ’ ಎಂದರೆ, ‘ಅವನು ಹಾಗಲ್ಲ ಬಿಡು, ಬೀದಿಯ ಮಾತು ನಾನು ಆಡಿದ್ದು’ ಎನ್ನುವಳು. ಕೆಲವು ವರ್ಷಗಳ ಅಕ್ಕರೆಯಿಂದ ಅವಳ ಲೆಕ್ಕದಲ್ಲಿ ಒಬ್ಬ ಹುಡುಗ ಆಚೆ ಬಂದನೇ ಹೊರತು ಬೀದಿ ಅಲ್ಲಿಯೇ ಉಳಿಯಿತು.

ಇದಕ್ಕೆ ಆಲ್‌ಪೋರ್ಟನೇ ಒಂದು ಒಳ್ಳೆಯ ಉಪಮೆ ಕೊಟ್ಟಿದ್ದಾನೆ. ನಮ್ಮ ಅಭಿಪ್ರಾಯವೊಂದು ಹೊಲವಿದ್ದಂತೆ. ಅದಕ್ಕೆ ಒಗ್ಗದ ಸತ್ಯವೊಂದು ಒಳಗೆ ಬಂದರೆ ಬೇಲಿಯಲ್ಲಿ ಒಂದು ಗಳಿಗೆ ಕಿಂಡಿ ತೆರೆದು ಅದನ್ನು ‘ವಿನಾಯಿತಿ’ ಎಂದು ಒಪ್ಪಿಕೊಳ್ಳುತ್ತೇವೆ, ಕೂಡಲೇ ಬೇಲಿಯನ್ನು ಮತ್ತೆ ಬಿಗಿಯುತ್ತೇವೆ. ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳಗೆ ಬಂದ ಹಸುವನ್ನು ಹೊರಗಟ್ಟಿ ಮುಳ್ಳು ಮುಚ್ಚಿದರೆ ಬೆಳೆ ಮೊದಲಿನಂತೆಯೇ ನಿಂತಿರುತ್ತದೆ.

ಇದು ನಮ್ಮ ಅಜ್ಜಿಯಂಥ ಹಳೆಯ ಕಾಲದವರ ಸಂಗತಿ ಎಂದುಕೊಳ್ಳಬೇಡಿ. ಸಲ್ಮಾ ಮೂಸಾ ಎಂಬ ವಿದುಷಿ ಇರಾಕಿನಲ್ಲಿ ನಡೆಸಿದ ಪ್ರಯೋಗವೊಂದರ ವರದಿ 2020ರಲ್ಲಿ ಪ್ರಕಟವಾಯಿತು. ಐಸಿಸ್ ಹಾವಳಿಯಿಂದ ಮನೆಮಠ ಕಳೆದುಕೊಂಡಿದ್ದ ಕ್ರೈಸ್ತ ಯುವಕರ ಫುಟ್‌ಬಾಲ್ ತಂಡಗಳಲ್ಲಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿದರು. ಕೆಲವನ್ನು ಹಾಗೆಯೇ ಬಿಟ್ಟರು. ಕೂಡಿ ಆಡಿದವರಲ್ಲಿ ಸ್ನೇಹ ಬೆಳೆಯಿತು. ಮುಂದಿನ ಸಾಲಿಗೂ ಮಿಶ್ರ ತಂಡದಲ್ಲಿಯೇ ಆಡುತ್ತೇವೆ ಎಂದವರು ಅವರಲ್ಲಿ ಹೆಚ್ಚು. ಪಂದ್ಯಾವಳಿ ಮುಗಿದು ತಿಂಗಳುಗಳಾದ ಮೇಲೂ ಮುಸ್ಲಿಮರ ಜೊತೆ ಅಭ್ಯಾಸ ಮಾಡುತ್ತಿದ್ದವರೂ ಅವರಲ್ಲಿ ಹೆಚ್ಚು. ಆದರೆ ಮುಸ್ಲಿಮರೇ ಹೆಚ್ಚಾಗಿರುವ ಮೊಸುಲ್ ನಗರದ ಹೋಟೆಲಿಗೆ ಹೋಗಿ ಒಂದು ಊಟ ಮಾಡಿ ಬರುವ ವಿಷಯಕ್ಕೆ ಬಂದಾಗ ಅವರಿಗೂ ಉಳಿದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಮೈದಾನದ ಗೆಳೆತನ ಮೈದಾನದ ಗೆರೆ ದಾಟಲಿಲ್ಲ. ನಮ್ಮ ಅಜ್ಜಿ ಇದನ್ನು ಕೇಳಿದ್ದರೆ, ಅದರಲ್ಲಿ ಆಶ್ಚರ್ಯವೇನು ಎನ್ನುತ್ತಿದ್ದಳು.

ಹಾಗಾದರೆ ಗೆರೆ ದಾಟುವುದು ಯಾವಾಗ? ಈ ಪ್ರಶ್ನೆಗೆ ಮೈಲ್ಸ್ ಹ್ಯೂಸ್ಟನ್, ರೂಪರ್ಟ್ ಬ್ರೌನ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು 1986ರಲ್ಲಿ ಕೊಟ್ಟ ಉತ್ತರ ಮೊದಲು ಕೇಳಿದಾಗ ತಲೆಕೆಳಗಾದಂತೆ ತೋರುತ್ತದೆ. ಭೇದವನ್ನು ಮರೆತರೆ ಸ್ನೇಹ ಬೆಳೆಯುತ್ತದೆ ಎಂದಲ್ಲವೇ ನಮ್ಮ ವಾಡಿಕೆಯ ತಿಳಿವಳಿಕೆ? ಅವರು ಹೇಳಿದ್ದು ಬೇರೆ. ಗೆಳೆಯನು ತನ್ನ ಸಮುದಾಯಕ್ಕೆ ಸೇರಿದವನೆಂಬುದು ನಮ್ಮ ಕಣ್ಣಿನಿಂದ ಪೂರ್ತಿ ಮರೆಯಾದರೆ, ಅವನ ಮೇಲಿನ ಒಳ್ಳೆಯ ಭಾವನೆ ಅವನೊಬ್ಬನಲ್ಲಿಯೇ ನಿಂತುಬಿಡುತ್ತದೆ. ಅವನು ಅವರಲ್ಲಿ ಒಬ್ಬನೆಂಬ ಅರಿವು ಎಚ್ಚರವಾಗಿದ್ದಾಗಲೇ ಆ ಭಾವನೆ ಉಳಿದವರಿಗೂ ಹರಿಯುತ್ತದೆ. ‘ನೀನು ಮುಸ್ಲಿಮನೆಂಬುದೇ ನಮಗೆ ನೆನಪಾಗುವುದಿಲ್ಲ ಕಣೋ’ ಎಂದು ನಾವು ಪ್ರಶಂಸೆಯಾಗಿ ಆಡುವ ಮಾತಿನಲ್ಲಿ ಬೇಲಿ ಬಿಗಿಯುವ ಕೆಲಸ ಸದ್ದಿಲ್ಲದೆ ನಡೆದಿರುತ್ತದೆ.

ಇದು ನನಗೆ ಪುಸ್ತಕದಿಂದ ತಿಳಿಯುವುದಕ್ಕೂ ಮೊದಲು ಪಂಚಾಂಗದಿಂದ ತಿಳಿದಿತ್ತು ಎನ್ನಬೇಕು. 1970ರಲ್ಲಿ ರಂಜಾನ್ ತಿಂಗಳು ನವೆಂಬರಿನಲ್ಲಿ ಬಂದಿತ್ತು. ಗೆಳೆಯ ಉಪವಾಸ ಹಿಡಿದಿದ್ದ. ಕಬಡ್ಡಿ ಆಡಿಯೂ ನೀರು ಕುಡಿಯುತ್ತಿರಲಿಲ್ಲ. ಮುಂದಿನ ವರ್ಷ ಅದು ಹನ್ನೊಂದು ದಿನ ಹಿಂದೆ ಸರಿಯಿತು. ಅದರ ಮುಂದಿನ ವರ್ಷ ಮತ್ತೆ ಹಿಂದೆ. ‘ನಿಮ್ಮ ಹಬ್ಬ ಯಾಕೋ ಹೀಗೆ ಊರೂರು ಅಲೆಯುತ್ತದೆ?’ ಎಂದು ನಾವು ಕೇಳಿದೆವು. ‘ನಿಮ್ಮದು ಯಾಕೆ ಅಲೆಯುವುದಿಲ್ಲ?’ ಎಂದು ಅವನು ಕೇಳಿದ. ಈ ಮರುಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ಕೊನೆಗೆ ಗಣಿತದ ಮೇಷ್ಟ್ರು ಬಿಡಿಸಿ ಹೇಳಿದರು: ಎರಡೂ ಚಂದ್ರನನ್ನೇ ನಂಬಿದ ಲೆಕ್ಕಗಳು, ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ, ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ನಾವು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ಸರಿಹೊಂದಿಸುತ್ತೇವೆ; ಅವರು ಸೇರಿಸುವುದಿಲ್ಲ. ಆದ್ದರಿಂದ ಅವರ ರಂಜಾನ್ ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ, ನಮ್ಮ ಯುಗಾದಿ ಬೇವು ಚಿಗುರುವ ಹೊತ್ತನ್ನು ಬಿಟ್ಟು ಕದಲುವುದಿಲ್ಲ. ಚೌತಿಯ ಚಂದ್ರನನ್ನು ಕಾಣಬಾರದೆಂದು ತಲೆ ತಗ್ಗಿಸಿ ನಡೆಯುವವರು ನಾವು. ಚಂದ್ರನ ಎಳೆಯೊಂದು ಕಂಡರೆ ಸಾಕೆಂದು ಮಾಳಿಗೆ ಹತ್ತುವವರು ಅವರು. ಆ ದಿನ ಇಡೀ ತರಗತಿ ನಕ್ಕದ್ದು ನನಗೆ ಈಗಲೂ ನೆನಪಿದೆ. ನಮ್ಮ ಪಂಚಾಂಗವೇ ನಮಗೆ ಅರ್ಥವಾದದ್ದು ಅವನು ಅವನಾಗಿಯೇ ಉಳಿದು ಆ ಪ್ರಶ್ನೆ ಕೇಳಿದ್ದರಿಂದ.

ಇನ್ನೊಂದು ಸಂಗತಿ. ಹೊರಗಿನಿಂದ ನೋಡುವವರಿಗೆ ‘ಅವರು’ ಎಂಬುದು ಒಂದೇ ಮುದ್ದೆಯಾಗಿ ಕಾಣುತ್ತದೆ. ಗೆಳೆಯನ ಮನೆಯ ಹೊಸಿಲು ದಾಟಿದವನಿಗೆ ಆ ಮುದ್ದೆ ಒಡೆದು ಮನುಷ್ಯರಾಗುತ್ತದೆ. ಮೊಹರಂ ಹಬ್ಬವನ್ನು ನಮ್ಮ ಕಡೆ ಬಾಬಯ್ಯನ ಹಬ್ಬವೆನ್ನುತ್ತಾರೆ. ಪಂಜಾ ಹೊರುವಲ್ಲಿ, ಹರಕೆ ಹೊರುವಲ್ಲಿ ಹಿಂದೂಗಳೂ ಸೇರುವ ಹಬ್ಬ ಅದು. ಗೆಳೆಯ ಅದರ ತಮಟೆಗೆ ಕುಣಿಯುವವರಲ್ಲಿ ಮುಂದು. ಅವನ ಚಿಕ್ಕಪ್ಪನಿಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಇದೆಲ್ಲ ನಮ್ಮ ಧರ್ಮದಲ್ಲಿ ಇಲ್ಲದ್ದು ಎಂದು ವಾದಿಸುವರು. ತಂದೆಯೋ ಹಬ್ಬಕ್ಕೆ ಹಣ ಕೊಟ್ಟು ಸುಮ್ಮನೆ ಕೂರುವವರು. ಅಜ್ಜಿಗೆ ಹರಕೆಯ ಮೇಲೆ ಭಕ್ತಿ. ಹೀಗೆ ಒಂದೇ ಸೂರಿನಡಿ ಮೂರು ನಾಲ್ಕು ಅಭಿಪ್ರಾಯಗಳು. ನಮ್ಮ ಮನೆಯಲ್ಲಿ ಶ್ರಾದ್ಧದ ವಿಷಯಕ್ಕೆ ನಡೆಯುತ್ತಿದ್ದ ಜಗಳದ ಧಾಟಿಯೇ ಅಲ್ಲಿಯದೂ. ಯಾರೊಬ್ಬರ ಮನೆಯ ಜಗಳ ನಮಗೆ ಅರ್ಥವಾಗತೊಡಗಿತೋ ಅವರನ್ನು ಕುರಿತು ಒಟ್ಟಾರೆ ಮಾತಾಡುವುದು ಆಮೇಲೆ ಕಷ್ಟ.

ನೋಟ ಎರಡು ಕಡೆಯಿಂದಲೂ ಇರುತ್ತದೆ ಎಂಬುದನ್ನು ಮರೆಯಬಾರದು. ಬಹಳ ವರ್ಷಗಳ ಮೇಲೆ ಆ ಗೆಳೆಯ ನಗುತ್ತ ಒಂದು ಮಾತು ಹೇಳಿದ. ನನ್ನನ್ನು ಕುರಿತು ಅವನ ತಾಯಿ ನೆರೆಯವರೊಡನೆ, ‘ಈ ಹುಡುಗ ಹಾಗಲ್ಲ’ ಎನ್ನುತ್ತಿದ್ದರಂತೆ. ‘ಹಾಗೆ ಎಂದರೆ ಹೇಗಂತೆ?’ ಎಂದು ಕೇಳಿದೆ. ‘ನಮ್ಮ ಮನೆಯಲ್ಲಿ ನೀರು ಕುಡಿಯದವರು, ಕುಡಿಯಲು ಕೊಟ್ಟರೆ ಲೋಟ ಬೇರೆ ಇಡುವವರು’ ಎಂದ. ಆ ತಾಯಿಯ ‘ಹಾಗೆ’ಯಲ್ಲಿ ಕಟ್ಟುಕಥೆ ಏನೂ ಇರಲಿಲ್ಲ.

ಸಾಹಿತ್ಯದ ಓದುಗರಿಗೆ ಇಲ್ಲಿ ಒಂದು ಹೆಸರು ಹೊಳೆದಿರಬೇಕು. ಕೆ. ಎಸ್. ನಿಸಾರ್ ಅಹಮದ್ 1936ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ದೇವನಹಳ್ಳಿಯಲ್ಲಿ. ಭೂವಿಜ್ಞಾನ ಓದಿ, ಅದನ್ನೇ ಪಾಠ ಹೇಳುತ್ತ ಕನ್ನಡದಲ್ಲಿ ಕವಿತೆ ಬರೆದರು. 1978ರಲ್ಲಿ ‘ನಿತ್ಯೋತ್ಸವ’ದ ಹಾಡುಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಧ್ವನಿಸುರುಳಿಯಾಗಿ ಬಂದಮೇಲೆ ಅವರನ್ನು ಹಾಡದ ಶಾಲೆಯಿಲ್ಲ. ಶಿವಮೊಗ್ಗದಲ್ಲಿ 2006ರಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದರು, 2020ರಲ್ಲಿ ತೀರಿಕೊಂಡರು. ಅವರನ್ನು ‘ನಮ್ಮ ನಿಸಾರ್’ ಎನ್ನದ ಕನ್ನಡಿಗನಿಲ್ಲ. ಆದರೆ ಇದೇ ಕವಿ ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಎಂಬ ಹೆಸರಿನ ಕವಿತೆಯನ್ನೂ ಬರೆದಿದ್ದಾರೆ. ನಾವು ಅದನ್ನು ‘ನಿತ್ಯೋತ್ಸವ’ದಷ್ಟು ಉತ್ಸಾಹದಿಂದ ಸಮಾರಂಭಗಳಲ್ಲಿ ಹಾಡುವುದಿಲ್ಲ. ನನ್ನ ಮಟ್ಟಿಗೆ, ಹ್ಯೂಸ್ಟನ್ ಮತ್ತು ಬ್ರೌನ್ ಒಂದು ಪ್ರಬಂಧದಲ್ಲಿ ಹೇಳಿದ್ದರ ಸಾರ ಆ ಶೀರ್ಷಿಕೆಯ ಎರಡು ಪದಗಳಲ್ಲಿಯೇ ಇದೆ.

ನಿಸಾರರ ಅನಂತರ ಎಂಟು ವರ್ಷಕ್ಕೆ, 2025ರಲ್ಲಿ, ಬಾನು ಮುಷ್ತಾಕ್ ಅವರನ್ನು ದಸರಾ ಉದ್ಘಾಟನೆಗೆ ಕರೆದಾಗ ನಡೆದದ್ದು ತಮಗೆಲ್ಲ ಗೊತ್ತು. ಅದೇ ವರ್ಷ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಕನ್ನಡಕ್ಕೆ ಬಂದದ್ದು ಅವರ ಕಥೆಗಳಿಂದ. ಎಂಟು ವರ್ಷದ ಹುಡುಗಿಯಾಗಿದ್ದಾಗ, ಆರು ತಿಂಗಳೊಳಗೆ ಓದುಬರಹ ಕಲಿಯಬೇಕೆಂಬ ಷರತ್ತಿನ ಮೇಲೆ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿ ಕನ್ನಡವನ್ನು ತಮ್ಮದಾಗಿಸಿಕೊಂಡವರು ಅವರು. ಭುವನೇಶ್ವರಿಯ ಕಲ್ಪನೆಯನ್ನು ಕುರಿತು ಅವರು ಹಿಂದೆ ಆಡಿದ್ದ ಮಾತನ್ನೂ ಅವರ ಧರ್ಮವನ್ನೂ ಎತ್ತಿ ಆಕ್ಷೇಪಗಳು ಬಂದವು. ಅರ್ಜಿಗಳು ಉಚ್ಚ ನ್ಯಾಯಾಲಯಕ್ಕೆ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ವಜಾ ಆದವು. ಸೆಪ್ಟೆಂಬರ್ 22ರಂದು ಅವರು ದಸರಾ ಉದ್ಘಾಟಿಸಿದರು. ಅವರ ಮಾತನ್ನು ಒಪ್ಪದಿರಲು ಯಾರಿಗೂ ಹಕ್ಕಿದೆ. ನಾನು ಗಮನಿಸಿದ್ದು ಇಷ್ಟೇ: ಹಾಡಿ ಸಂತೋಷಪಡಲು ಬರುವ ಕವಿಯನ್ನು ಒಳಗೆ ಬಿಟ್ಟುಕೊಂಡಷ್ಟು ಸುಲಭವಾಗಿ, ನಮ್ಮೊಡನಿದ್ದೂ ನಮ್ಮಂತೆ ಮಾತಾಡದ ಕಥೆಗಾರ್ತಿಯನ್ನು ಬಿಟ್ಟುಕೊಳ್ಳುವುದು ಅನೇಕರಿಗೆ ಸಾಧ್ಯವಾಗಲಿಲ್ಲ.

ಶಾಲೆಯೊಳಗೇ ಈ ಪ್ರಶ್ನೆ ಬಂದು ನಿಂತದ್ದು 2022ರಲ್ಲಿ. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಶಿರವಸ್ತ್ರದ ವಿವಾದ ಹುಟ್ಟಿ, ಕೇಸರಿ ಶಾಲುಗಳು ಬಂದು, ಊರಿಂದೂರಿಗೆ ಹರಡಿತು. ಆ ಮಾರ್ಚ್ 15ರಂದು ನಮ್ಮ ಉಚ್ಚ ನ್ಯಾಯಾಲಯ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕಾನೂನಿನ ಸರಿತಪ್ಪು ನನ್ನ ವಿಷಯವಲ್ಲ. ಗೇಟಿನ ಎರಡು ಕಡೆ ನಿಂತಿದ್ದ ಮಕ್ಕಳು ಅಪರಿಚಿತರಾಗಿರಲಿಲ್ಲ, ಒಂದೇ ಕಾಲೇಜಿನವರಾಗಿದ್ದರು ಎಂಬುದು ನನ್ನ ಮನಸ್ಸನ್ನು ಕೊರೆಯಿತು.

ಈಗ ನಮ್ಮ ತಾಲ್ಲೂಕುಗಳಲ್ಲಿ ಮಕ್ಕಳನ್ನು ವಿಂಗಡಿಸುವುದು ಭಾಷೆಯೊಂದೇ ಅಲ್ಲ. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ತೆರೆದಮೇಲೆ ಜಮೀನಿನ ಬೆಲೆಯ ಜೊತೆಗೆ ಶಾಲೆಯ ಶುಲ್ಕವೂ ಏರಿತು. ಹಳದಿ ಬಸ್ಸು ಯಾವ ಬಡಾವಣೆಗೆ ಹೋಗುತ್ತದೆ, ಯಾವುದಕ್ಕೆ ಹೋಗುವುದಿಲ್ಲ ಎಂಬುದೇ ಯಾರ ಪಕ್ಕ ಯಾರು ಕೂರಬೇಕೆಂಬುದನ್ನು ತೀರ್ಮಾನಿಸುತ್ತಿದೆ. ನಮಗಾದರೂ ಎಂಟನೆಯ ತರಗತಿಯಲ್ಲಿ ಒಬ್ಬ ಸಿಕ್ಕಿದ್ದ.

ನಮ್ಮ ಆ ತರಗತಿಯ ಹಳಬರೆಲ್ಲ ಸೇರಿ ಈಚೆಗೆ ಒಂದು ವಾಟ್ಸಾಪ್ ಬಳಗ ಮಾಡಿಕೊಂಡಿದ್ದೇವೆ. ಮೊಮ್ಮಕ್ಕಳ ಚಿತ್ರ, ಮಂಡಿನೋವಿನ ಔಷಧಿ, ಹಳೆಯ ಹಾಡು, ಹೀಗೆ ಏನಾದರೊಂದು ಬರುತ್ತಿರುತ್ತದೆ. ಒಂದು ದಿನ ಒಬ್ಬರು ‘ಅವರನ್ನು’ ಕುರಿತ ಸಂದೇಶವೊಂದನ್ನು ಎಲ್ಲಿಂದಲೋ ಬಂದದ್ದನ್ನು ಹಾಗೆಯೇ ದಾಟಿಸಿದರು. ಬಳಗದಲ್ಲಿ ಆ ಗೆಳೆಯನೂ ಇದ್ದಾನೆಂಬುದು ಅವರಿಗೆ ಆಮೇಲೆ ನೆನಪಾಗಿರಬೇಕು. ‘ನಿನಗಲ್ಲ ಕಣಯ್ಯ ಇದು, ನೀನು ಹಾಗಲ್ಲ’ ಎಂದು ಕೆಳಗೆ ಬರೆದರು. ಗೆಳೆಯ ಕೋಪ ಮಾಡಿಕೊಳ್ಳಲಿಲ್ಲ, ಬಳಗ ಬಿಟ್ಟೂ ಹೋಗಲಿಲ್ಲ. ‘ಹಾಗಾದರೆ ಯಾರಿಗಪ್ಪ? ನಿನಗೆ ರಂಜಾನಿನಲ್ಲಿ ಖರ್ಜೂರ ಕೊಡುತ್ತಿದ್ದ ನಮ್ಮ ಅಮ್ಮನಿಗೋ, ತಮಟೆ ಬಾರಿಸಬೇಡ ಎನ್ನುತ್ತಿದ್ದ ಚಿಕ್ಕಪ್ಪನಿಗೋ?’ ಎಂದು ಕೇಳಿದ. ಎರಡು ದಿನ ಯಾರೂ ಏನೂ ಬರೆಯಲಿಲ್ಲ. ಮೂರನೆಯ ದಿನ ಬೆಳಗ್ಗೆ ಮತ್ತೊಬ್ಬರು ಗುಲಾಬಿ ಹೂವಿನ ಚಿತ್ರವೊಂದನ್ನು ಹಾಕಿ ಎಲ್ಲರಿಗೂ ಶುಭೋದಯ ಹೇಳಿದರು.